ಪಡುವಣ ಗೋಡೆ ಕಾಯುವ ತಗಡು: ಫ್ಲಾಶಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿಯವರಿಗೆ ಎರಚಲು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆ ಮೇಲಿಂದ ಸುರಿಯುವುದಕ್ಕಿಂತ ಅಡ್ಡಡ್ಡ ಬಂದು ಗೋಡೆಗೆ ಬಡಿಯುವುದೇ ಜಾಸ್ತಿ. ಹಿಂದೆ ಮೇ ತಿಂಗಳಲ್ಲೇ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಮುಗಿಸುತ್ತಿದ್ದರು. ಈಗ ಆ ಜಾಗಕ್ಕೆ ಬಣ್ಣದ ಶೀಟ್ ಬಂದಿದೆ. ಶೀಟ್ ಹೊಡೆಸಿಯೂ ಗೋಡೆ ಒದ್ದೆಯಾಗುತ್ತಿದೆ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಲೇ ಇರುತ್ತಾರೆ. ನಾನು ಹೋಗಿ ನೋಡಿದ ಮನೆಗಳಲ್ಲಿ ತಪ್ಪು ಶೀಟಿನದ್ದಾಗಿರಲಿಲ್ಲ. ಶೀಟು ಗೋಡೆಗೆ, ಕಿಟಕಿಗೆ, ಮಾಡಿಗೆ ಕೂಡುವ ಸಂದಿನಲ್ಲಿ ತಪ್ಪಿತ್ತು. ಅಂಥ ಸಂದುಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಫ್ಲಾಶಿಂಗ್ ಅಂದರೆ ಏನು?

ಎರಡು ಭಾಗ ಕೂಡುವ ಕಡೆ ನೀರು ಒಳಗೆ ಹೋಗದೆ ಹೊರಗೆ ಜಾರಿ ಹೋಗಲಿ ಅಂತ ಬಗ್ಗಿಸಿ ಕೂರಿಸುವ ತಗಡಿನ ಪಟ್ಟಿ. ಕೆಲಸದವರು ಇದನ್ನು ಎಲ್ ಶೀಟ್, ಕಾರ್ನರ್, ಪ್ಲೇನ್ ಶೀಟ್ ಪಟ್ಟಿ ಅಂತೆಲ್ಲ ಕರೆಯುತ್ತಾರೆ. ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಗ್ಗಿದ್ದು ಗೋಡೆಯ ಬುಡಕ್ಕೆ, ಝಡ್ ಹಾಗೆ ಬಗ್ಗಿದ್ದು ಒಂದು ಶೀಟಿನ ಮೇಲೆ ಇನ್ನೊಂದು ಶುರುವಾಗುವ ಕಡೆಗೆ.

ಇದರ ಹಿಂದಿರುವ ವಿಚಾರ ನಮಗೆ ಹೊಸದೇನಲ್ಲ. ಹಂಚು ಹೊದಿಸುವಾಗ ಸೂರಿನ ಕಡೆಯಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತೇವೆ, ಅಲ್ವಾ? ಮೇಲಿನ ಹಂಚಿನ ತುದಿ ಕೆಳಗಿನ ಹಂಚಿನ ಮೇಲೆ ಕೂರುತ್ತದೆ. ಸೋಗೆ ಹೊದಿಸುವುದೂ ಹಾಗೇ. ಫ್ಲಾಶಿಂಗ್ ಕೂಡ ಅಷ್ಟೇ: ಮೇಲಿನದು ಯಾವಾಗಲೂ ಕೆಳಗಿನದರ ಹೊರಗೆ ಬರಬೇಕು. ಇದನ್ನು ತಲೆಯಲ್ಲಿಟ್ಟುಕೊಂಡರೆ ಕೆಳಗಿನ ಎಷ್ಟೋ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ.

ಸಂದಿಗೆ ಸಿಲಿಕೋನ್ ಹಚ್ಚಿದರೆ ಸಾಕಲ್ವಾ? ತಗಡು ಯಾಕೆ ಬೇಕು?

ಸಾಕಾಗುವುದಿಲ್ಲ. ಇದನ್ನು ನಾನು ನಮ್ಮ ಮನೆಯಲ್ಲೇ ಅನುಭವಿಸಿ ಕಲಿತೆ. ಹಿತ್ತಿಲ ಕಡೆಗೆ ಒಂದು ಇಳಿಮಾಡು ಹಾಕಿಸಿದೆವು. ಶೀಟು ಗೋಡೆಗೆ ತಾಗುವ ಕಡೆ ಕೆಲಸದವರು ಎಲ್ ಪಟ್ಟಿಯನ್ನು ಗೋಡೆಯ ಮೇಲೆ ಸುಮ್ನೆ ಒತ್ತಿ, ನಾಲ್ಕು ಸ್ಕ್ರೂ ಹೊಡೆದು, ಮೇಲಂಚಿಗೆ ಉದ್ದಕ್ಕೂ ಸಿಲಿಕೋನ್ ಎಳೆದು ಹೋದರು. ನೋಡಲು ಚೆನ್ನಾಗೇ ಇತ್ತು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೇ ವರ್ಷ ಪುನರ್ವಸು ಮಳೆಗೆ ಅಡುಗೆಮನೆ ಗೋಡೆಯಲ್ಲಿ ಅಂಗೈಯಗಲದ ಒಂದು ಕಪ್ಪು ಮಚ್ಚೆ ಕಂಡಿತು. ವಾರದೊಳಗೆ ಅದು ಸಾಂಬಾರ ಡಬ್ಬಿಗಳ ಶೆಲ್ಫಿನವರೆಗೆ ಇಳಿಯಿತು. ಏಣಿ ಹಾಕಿ ಹತ್ತಿ ನೋಡಿದರೆ ಸಿಲಿಕೋನು ತಗಡಿಗೆ ಅಂಟಿಕೊಂಡೇ ಇತ್ತು, ಆದರೆ ಗೋಡೆಯ ಕಡೆಯಿಂದ ಬಿಟ್ಟುಕೊಂಡಿತ್ತು. ಸುಣ್ಣದ ಪುಡಿಯನ್ನೂ ಹಿಡಿದುಕೊಂಡೇ ಎದ್ದಿತ್ತು. ಒಂದು ಕಡ್ಡಿ ತೂರಿಸುವಷ್ಟು ಬಿರುಕು. ಗೋಡೆ ಮೇಲೆ ಹರಿದು ಬರುವ ನೀರೆಲ್ಲ ಅದರೊಳಗೇ ಇಳಿಯುತ್ತಿತ್ತು.

ತಗಡು ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗುತ್ತದೆ. ಗೋಡೆ ಅಷ್ಟು ಅಲ್ಲಾಡುವುದಿಲ್ಲ. ಮಧ್ಯೆ ಸಿಕ್ಕಿದ ಅಂಟು ಎಳೆದಾಡಿ ಎಳೆದಾಡಿ ಸೋಲುತ್ತದೆ. ಆದ್ದರಿಂದ ಅಂಟು ಎರಡನೇ ಕಾವಲು ಮಾತ್ರ ಆಗಿರಬೇಕು. ಅದನ್ನು ಪೂರ್ತಿ ಕಿತ್ತುಹಾಕಿದರೂ ನೀರು ಒಳಗೆ ಬರಬಾರದು. ತಗಡು ಹಾಗೆ ಕೂತಿದ್ದರೆ ಕೆಲಸ ಸರಿಯಾಗಿದೆ.

ಹಾಗಾದರೆ ಅಂಟೇ ಬೇಡವಾ?

ಬೇಕು, ಸರಿಯಾದದ್ದು ಬೇಕು. ಟ್ಯೂಬ್ ಒತ್ತಿದಾಗ ವಿನೆಗರ್ ಹಾಗೆ ಹುಳಿ ವಾಸನೆ ಹೊಡೆದರೆ ಅದು ಆಮ್ಲ ಬಿಡುವ ಸಿಲಿಕೋನ್. ಸತುವಿನ ಲೇಪ ಇರುವ ತಗಡನ್ನು ಅದು ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ಅಂತ ಕೇಳಿ ತೆಗೆದುಕೊಳ್ಳಿ. ಹಚ್ಚುವ ಮೊದಲು ಗೋಡೆಯ ಧೂಳು, ಪುಡಿ ಸುಣ್ಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲೇಬೇಕು.

ಮನೆಯ ಎಲ್ಲ ಗೋಡೆಗೂ ಶೀಟು, ಫ್ಲಾಶಿಂಗ್ ಬೇಕಾ?

ಬೇಡ. ನೈಋತ್ಯ ಮುಂಗಾರಿನ ಗಾಳಿ ಬರುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಎರಡು ಕಡೆಗೆ ಮೊದಲು ಗಮನ ಕೊಡಿ. ಗುಡ್ಡದ ಇಳಿಜಾರಿನಲ್ಲಿ ಇರುವ ಮನೆಯಾದರೆ ಗಾಳಿ ತಿರುಗಿ ಬೇರೆ ಕಡೆಯಿಂದಲೂ ಹೊಡೆಯಬಹುದು. ಒಂದು ಜೋರು ಮಳೆ ದಿನ ಹೊರಗೆ ನಿಂತು ಯಾವ ಗೋಡೆ ಎಷ್ಟು ಎತ್ತರದವರೆಗೆ ಒದ್ದೆಯಾಗುತ್ತದೆ ಅಂತ ನೋಡಿ, ಇದ್ದಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸೂರು ಎರಡೂವರೆ, ಮೂರು ಅಡಿ ಚಾಚಿಕೊಂಡಿದ್ದರೆ ಗೋಡೆಯ ಮೇಲ್ಭಾಗಕ್ಕೆ ಅದೇ ರಕ್ಷಣೆ.

ಊರೂರಿಗೂ ಲೆಕ್ಕ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ ನಡೆಯುವ ಕೆಲಸ ತೀರ್ಥಹಳ್ಳಿಯಲ್ಲಿ ನಡೆಯುತ್ತದೆ ಅಂತ ನಂಬಬೇಡಿ.

ಯಾವ ತಗಡು ತೆಗೆದುಕೊಳ್ಳಬೇಕು?

ಸಾಮಾನ್ಯವಾಗಿ ಸಿಗುವುದು ಮೂರು. ಜಿಐ, ಅಂದರೆ ಕಬ್ಬಿಣದ ತಗಡಿಗೆ ಸತುವಿನ ಲೇಪ. ಗಾಲ್ವಾಲ್ಯೂಮ್, ಅಂದರೆ ಶೇ 55ರಷ್ಟು ಅಲ್ಯುಮಿನಿಯಂ, ಉಳಿದದ್ದು ಹೆಚ್ಚಾಗಿ ಸತು, ಸ್ವಲ್ಪ ಸಿಲಿಕಾನ್ ಸೇರಿಸಿದ ಲೇಪ. ಬಣ್ಣದ ಶೀಟುಗಳು ಇವೆರಡರ ಮೇಲೇ ಬಣ್ಣ ಹೊಡೆದವು. ಮೂರನೆಯದು ಪೂರ್ತಿ ಅಲ್ಯುಮಿನಿಯಂ. ನನ್ನ ಆಯ್ಕೆ: ಘಟ್ಟದ ಮೇಲೆ 0.5 ಮಿಲಿಮೀಟರ್ ದಪ್ಪದ ಬಣ್ಣದ ಗಾಲ್ವಾಲ್ಯೂಮ್. ಕುಂದಾಪುರ, ಭಟ್ಕಳದ ಹಾಗೆ ಕಡಲ ಗಾಳಿ ಮನೆಗೇ ಬಡಿಯುವ ಕಡೆ ಅಲ್ಯುಮಿನಿಯಂ. ಉಪ್ಪುಗಾಳಿಗೆ ಸಾದಾ ಜಿಐ ಬೇಗ ತುಕ್ಕು ಹಿಡಿಯುತ್ತದೆ. ಹಣ ಉಳಿಸಲು ತೆಳ್ಳಗಿನದು ತಂದರೆ ಗಾಳಿಗೆ ಪಟಪಟ ಬಡಿದು ಸ್ಕ್ರೂ ತೂತನ್ನೇ ಅಗಲ ಮಾಡಿಬಿಡುತ್ತದೆ.

ದಪ್ಪದ ಜೊತೆಗೆ ಲೇಪ ಎಷ್ಟು ಅಂತಲೂ ಕೇಳಿ. ಗಾಲ್ವಾಲ್ಯೂಮಿನಲ್ಲಿ 150 ಅಂದರೆ ಒಂದು ಚದರ ಮೀಟರಿಗೆ ಎರಡೂ ಮುಖ ಸೇರಿ 150 ಗ್ರಾಂ ಲೇಪ. ಲೇಪ ಕಡಿಮೆಯಿದ್ದರೂ ಜಾಸ್ತಿಯಿದ್ದರೂ ಮೇಲಿನ ಬಣ್ಣ ಒಂದೇ ಥರ ಹೊಳೆಯುವುದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ತಗಡನ್ನು ಸಿಮೆಂಟಿನಲ್ಲಿ ಹೂತರೆ ಗಟ್ಟಿ ಆಗುತ್ತದೆ ಅಂತಾರಲ್ಲ?

ಹಸಿ ಸಿಮೆಂಟಿನ ಕ್ಷಾರ ಅಲ್ಯುಮಿನಿಯಮ್ಮನ್ನೂ ಸತುವನ್ನೂ ತಿನ್ನುತ್ತದೆ. ಗಾಲ್ವಾಲ್ಯೂಮಿನ ಲೇಪದಲ್ಲಿ ಎರಡೂ ಇವೆ. ಸಿಮೆಂಟು ತಾಗಲೇಬೇಕಾದ ಕಡೆ ತಗಡಿಗೆ ಬಿಟುಮೆನ್ ಬಣ್ಣ ಹಚ್ಚಿ ಒಣಗಿಸಿ. ಇಲ್ಲದಿದ್ದರೆ ಗೋಡೆಯಲ್ಲಿ ಉದ್ದಕ್ಕೂ ಕೊರೆದ ಕಚ್ಚಿನಲ್ಲಿ ತಗಡು ಸಿಕ್ಕಿಸಿ ಸೀಲಂಟ್ ತುಂಬಿ, ಗಾರೆ ಬೇಡ.

ಮನೆ ಪಕ್ಕದಲ್ಲೇ ಅಡಿಕೆ ಮರಗಳಿವೆ. ಬೋರ್ಡೋ ಸಿಂಪಡಣೆಯಿಂದ ಶೀಟಿಗೆ ತೊಂದರೆ ಇದೆಯಾ?

ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ದ್ರಾವಣ ಹದಕ್ಕೆ ಬಂತಾ ಅಂತ ನೋಡಲು ಚಾಕು ಅದ್ದಿ ತೆಗೆಯುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪು ಕೂರುತ್ತದೆ. ಅದು ತಾಮ್ರ. ತಾಮ್ರ ಸತುವಿಗೂ ಅಲ್ಯುಮಿನಿಯಮ್ಮಿಗೂ ಶತ್ರು. ಅದಕ್ಕೇ ಈ ದ್ರಾವಣವನ್ನು ತಗಡಿನ ಡ್ರಮ್ಮಿನಲ್ಲಿ ಕಲಸಬೇಡಿ ಅಂತ ಹೇಳುವುದು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಎರಡು ಮೂರು ಸಲ ಸಿಂಪಡಿಸುವಾಗ ಮನೆಯಂಚಿನ ಮರಗಳಿಂದ ತೊಟ್ಟಿಕ್ಕಿದ್ದು ಮಾಡಿನ ಮೇಲೆ, ಫ್ಲಾಶಿಂಗಿನ ಮಡಿಕೆಯಲ್ಲಿ ಕೂತರೆ ಆ ಜಾಗವೇ ಮೊದಲು ಸವೆಯುತ್ತದೆ. ಸಿಂಪಡಣೆ ಮುಗಿದ ದಿನವೇ ನೀರು ಹೊಡೆದು ತೊಳೆದುಬಿಡಿ. ಆ ಕಡೆಗೆ ಬಣ್ಣದ ತಗಡೇ ಇರಲಿ, ಬಣ್ಣ ಗೀರದ ಹಾಗೆ ನೋಡಿಕೊಳ್ಳಿ. ಎಸಿಯ ತಾಮ್ರದ ಕೊಳವೆ ನೀರನ್ನೂ ಶೀಟಿನ ಮೇಲೆ ಬಿಡಬೇಡಿ, ಕಾರಣ ಅದೇ.

ಇಳಿಮಾಡು ಗೋಡೆಗೆ ಕೂಡುವ ಕಡೆ ಫ್ಲಾಶಿಂಗ್ ಹೇಗೆ ಕೂರಿಸಬೇಕು?

ಅತಿ ಹೆಚ್ಚು ಸೋರುವ ಜಾಗ ಇದು. ಎರಡು ತುಂಡು ಬೇಕು, ಒಂದಲ್ಲ.

ಮೊದಲು ಮಾಡಿನ ಶೀಟಿನ ಮೇಲ್ತುದಿ ಸರಿ ಮಾಡಿ. ಶೀಟಿನ ತಗ್ಗುಗಳನ್ನು ಇಕ್ಕಳದಿಂದ ಹಿಡಿದು ಗೋಡೆಯ ಪಕ್ಕ ಮೇಲಕ್ಕೆ ಬಗ್ಗಿಸಬೇಕು. ಗಾಳಿ ನೀರನ್ನು ಮೇಲಕ್ಕೆ ತಳ್ಳಿದರೂ ಅಲ್ಲೇ ತಡೆದು ವಾಪಸ್ ಹೋಗುತ್ತದೆ. ಎರಡು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಆಮೇಲೆ ಕೆಳಗಿನ ಎಲ್ ತುಂಡು. ಅದರ ಒಂದು ಕಾಲು ಶೀಟಿನ ಮೇಲೆ ಏಳೆಂಟು ಇಂಚು ಬರಲಿ, ಇನ್ನೊಂದು ಗೋಡೆಯ ಮೇಲೆ ಕನಿಷ್ಠ ಆರು ಇಂಚು ಹತ್ತಲಿ. ಶೀಟಿನ ಮೇಲೆ ಕೂರುವ ಕಾಲಿನ ಅಂಚನ್ನು ಅರ್ಧ ಇಂಚು ಕೆಳಕ್ಕೆ ಮಡಿಸಿ. ಶೀಟಿನ ಏರುತಗ್ಗಿಗೆ ಸರಿಹೊಂದುವ ಫೋಮ್ ಪಟ್ಟಿ ಸಿಗುತ್ತದೆ, ಅದನ್ನು ಅಡಿಗೆ ಇಡಿ. ಈ ತುಂಡನ್ನು ಗೋಡೆಗೆ ಬಿಗಿಯಬೇಡಿ, ಶೀಟಿಗೆ ಮಾತ್ರ ಬಿಗಿಯಿರಿ. ಮಾಡು ಅಲ್ಲಾಡಿದರೆ ಅದೂ ಜೊತೆಗೆ ಅಲ್ಲಾಡಲಿ.

ಇನ್ನು ಮೇಲಿನ ತುಂಡು. ಗೋಡೆಯಲ್ಲಿ ಉದ್ದಕ್ಕೂ ಒಂದು ಇಂಚು ಆಳದ ಕಚ್ಚು ಕೊರೆಯಿಸಿ. ಬರೀ ಗಿಲಾವಿನಲ್ಲಿ ಕೊರೆದರೆ ಸಾಲದು, ಕಲ್ಲು ಅಥವಾ ಇಟ್ಟಿಗೆಯವರೆಗೆ ಹೋಗಬೇಕು. ಗಿಲಾವಿನ ಹಿಂದೆ ಇಳಿಯುವ ನೀರನ್ನೂ ಹಿಡಿಯಬೇಕಲ್ವಾ? ಮೇಲಿನ ತಗಡಿನ ಅಂಚನ್ನು ಹಿಮ್ಮಡಿಸಿ ಕಚ್ಚಿನೊಳಗೆ ತೂರಿಸಿ, ತಗಡಿನದ್ದೇ ಸಣ್ಣ ಮಡಿಕೆಯ ಬೆಣೆ ಹೊಡೆದು ಸಿಕ್ಕಿಸಿ, ಸೀಲಂಟ್ ತುಂಬಿ. ಈ ತುಂಡು ಕೆಳಗಿನ ತುಂಡಿನ ನಿಂತ ಕಾಲಿನ ಮೇಲೆ ಮೂರು ನಾಲ್ಕು ಇಂಚು ಇಳಿಬಿದ್ದಿರಲಿ. ಎರಡನ್ನೂ ಸೇರಿಸಿ ಸ್ಕ್ರೂ ಹೊಡೆಯಬಾರದು. ಒಂದು ಗೋಡೆಯದ್ದು, ಒಂದು ಮಾಡಿನದ್ದು. ಒಂದರ ಮೇಲೊಂದು ಜಾರುತ್ತಿರಲಿ.

ನಮ್ಮ ಅಡುಗೆಮನೆ ಗೋಡೆಯನ್ನು ಹೀಗೆ ಮಾಡಿಸಿದ ಮೇಲೆ ಶೆಲ್ಫಿನ ಹಿಂದಿನ ಮಚ್ಚೆ ಒಣಗಿತು. ಸುಣ್ಣ ಹೊಡೆದೆವು, ಮತ್ತೆ ಬಂದಿಲ್ಲ.

ನಮ್ಮದು ಹಳೇ ಮಣ್ಣಿನ ಗೋಡೆ. ಕಚ್ಚು ಕೊರೆಯಬಹುದಾ?

ದಯವಿಟ್ಟು ಬೇಡ. ಮಣ್ಣು ಉದುರುತ್ತದೆ, ಕಚ್ಚು ಅಗಲವಾಗುತ್ತಲೇ ಹೋಗುತ್ತದೆ. ಮಣ್ಣಿನ ಗೋಡೆಗೆ ಸರಿಯಾದ ದಾರಿ ಅಂದರೆ ಮೇಲಿನ ತಗಡನ್ನು ಸೂರಿನ ಅಡಿಯವರೆಗೂ ಒಯ್ಯುವುದು. ಪಕಾಸಿಗೆ ಅಥವಾ ಗೋಡೆಯ ಮೇಲಿರುವ ಮರಕ್ಕೆ ಅದನ್ನು ಕಟ್ಟಿದರೆ ಗೋಡೆಯ ಮೇಲೆ ನೀರೇ ಹರಿಯುವುದಿಲ್ಲ. ಅಷ್ಟು ಎತ್ತರ ಆಗದಿದ್ದರೆ ಪೂರ್ತಿ ಗೋಡೆಗೆ ಶೀಟು ಹೊದಿಸಿ, ಶೀಟಿನ ಕೆಳಗಂಚು ಎಲ್ ತುಂಡಿನ ಮೇಲೆ ಬರುವ ಹಾಗೆ ಮಾಡಿ. ಮುರಕಲ್ಲಿನ ಗೋಡೆಯಲ್ಲಿ ಕಚ್ಚು ಚೆನ್ನಾಗಿ ಬರುತ್ತದೆ, ಆದರೆ ಕಲ್ಲಿನ ತೂತುಗಳಿಗೆ ಮೊದಲು ಗಾರೆ ತುಂಬಿ ಒಣಗಿಸಿ.

ಶೀಟನ್ನು ಗೋಡೆಗೆ ಒತ್ತಿಯೇ ಹೊಡೆಯಬೇಕಾ?

ಇಲ್ಲ. ಒಂದು, ಒಂದೂವರೆ ಇಂಚು ಸಂದು ಬಿಡಿ. ಸೋಗೆ ತಟ್ಟಿ ಕಟ್ಟಿದಾಗ ಗೋಡೆ ಉಸಿರಾಡುತ್ತಿತ್ತು. ಗಾಳಿ ಆಡುತ್ತಿತ್ತು, ತಪ್ಪಿ ಒಳಗೆ ಬಂದ ಹನಿ ಒಣಗುತ್ತಿತ್ತು. ಶೀಟನ್ನು ಗೋಡೆಗೆ ಒತ್ತಿಬಿಟ್ಟರೆ ಒಳಗಿನ ತೇವ ಅಲ್ಲೇ ಕೂತು ಮಣ್ಣು ಮೆತ್ತಗಾಗುತ್ತದೆ. ರೀಪನ್ನು ನೆಟ್ಟಗೆ ನಿಲ್ಲಿಸಿ ಹೊಡೆದರೆ ಹಿಂದೆ ಹೋದ ನೀರು ಕೆಳಕ್ಕೆ ಇಳಿಯುತ್ತದೆ. ಶೀಟಿಗಾಗಿ ಅಡ್ಡ ರೀಪು ಬೇಕೇ ಬೇಕು ಅಂದರೆ ನೆಟ್ಟಗಿನ ರೀಪಿನ ಮೇಲೆ ಅಡ್ಡದ್ದು ಹೊಡೆಯಿರಿ. ಬರೀ ಅಡ್ಡ ಹೊಡೆದರೆ ಪ್ರತಿ ರೀಪಿನ ಮೇಲೂ ನೀರು ನಿಲ್ಲುತ್ತದೆ.

ಮೇಲೂ ಕೆಳಗೂ ಗಾಳಿಗೆ ದಾರಿ ಇರಲಿ. ತೆರೆದ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಇಲ್ಲದಿದ್ದರೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ.

ಕಿಟಕಿ ಸುತ್ತ ಏನು ಮಾಡಬೇಕು?

ಕೆಳಗಿನಿಂದ ಶುರು ಮಾಡಿ. ಮೊದಲು ಕಿಟಕಿಯ ಅಡಿಯ ತಗಡು, ಹೊರಕ್ಕೆ ಸ್ವಲ್ಪ ಇಳಿಜಾರಾಗಿ. ಆಮೇಲೆ ಎರಡು ಪಕ್ಕ. ಕೊನೆಗೆ ತಲೆಯ ಮೇಲಿನದು. ತಲೆಯ ತಗಡು ಚೌಕಟ್ಟಿಗಿಂತ ಎರಡೂ ಕಡೆ ಎರಡೆರಡು ಇಂಚು ಜಾಸ್ತಿ ಇರಲಿ. ಅದರ ಹಿಂದಿನ ಕಾಲು ಶೀಟಿನ ಹಿಂದೆ ಹೋಗಬೇಕು, ಮುಂದಿನ ಅಂಚು ಕೆಳಕ್ಕೆ ಬಾಗಿ ಹನಿ ಉದುರಿಸಬೇಕು. ಎರಡೂ ತುದಿಯನ್ನು ಸಣ್ಣದಾಗಿ ಮೇಲಕ್ಕೆ ಮಡಿಸಿ. ಆ ಮಡಿಕೆ ಇಲ್ಲದಿದ್ದರೆ ತಲೆಯ ಮೇಲೆ ಬಿದ್ದ ನೀರೆಲ್ಲ ಪಕ್ಕಕ್ಕೆ ಓಡಿ ಸರಿಯಾಗಿ ಮೂಲೆಯಲ್ಲಿ ಒಳಗೆ ಇಳಿಯುತ್ತದೆ. ಕಿಟಕಿಯ ಮೇಲಿನ ಮೂಲೆಗಳಲ್ಲಿ ಕಾಣುವ ಕಂದು ಗೆರೆ ಬಹಳ ಸಲ ಇದರದ್ದೇ ಗುರುತು.

ತಲೆಯ ತಗಡಿಗೂ ಶೀಟಿನ ಅಂಚಿಗೂ ನಡುವೆ ಇರುವ ಸಂದನ್ನು ಸಿಲಿಕೋನಿನಿಂದ ಮುಚ್ಚಬೇಡಿ. ಹಿಂದೆ ಹೋದ ನೀರು ಹೊರಗೆ ಬರುವ ಬಾಗಿಲು ಅದು.

ಇಳಿಮಾಡಿನ ಪಕ್ಕದ ಅಂಚು ಗೋಡೆಗೆ ತಾಗಿಕೊಂಡು ಇಳಿಯುತ್ತದೆ. ಆ ಕೆಳಗಿನ ಮೂಲೆಯಲ್ಲಿ ಮಾತ್ರ ಗೋಡೆ ಕೊಳೆಯುತ್ತಿದೆ. ಯಾಕೆ?

ಗೋಡೆಯುದ್ದಕ್ಕೂ ಜಾರಿ ಬಂದ ನೀರೆಲ್ಲ ಸೂರಿನ ತುದಿಯಲ್ಲಿ ಒಂದೇ ಬಿಂದುವಿಗೆ ಬಂದು ಗೋಡೆಯ ಮೇಲೇ ಬೀಳುತ್ತದೆ. ಅಲ್ಲಿ ಫ್ಲಾಶಿಂಗಿನ ಕೊನೆಯನ್ನು ಗೋಡೆಯಿಂದ ಹೊರಕ್ಕೆ ತಿರುಗಿಸಬೇಕು, ಮಜ್ಜಿಗೆ ಪಾತ್ರೆಯ ಮೂತಿಯ ಹಾಗೆ. ಹಿಂದೆ ಅಡಿಕೆ ದಂಬೆ ಕಟ್ಟಿ ಸೂರಿನ ನೀರನ್ನು ದೂರ ಒಯ್ಯುತ್ತಿದ್ದರಲ್ಲ, ಅದೇ ಲೆಕ್ಕ. ನಾಲ್ಕು ಇಂಚು ಎತ್ತರದ ಮೂತಿ ಇದ್ದರೆ ನೀರು ಗಟಾರಕ್ಕೆ ಹಾರುತ್ತದೆ.

ಸ್ಕ್ರೂ ಎಲ್ಲಿ ಹೊಡೆಯಬೇಕು?

ಮಾಡಿನ ಶೀಟಿಗೆ ಏರಿನ ಮೇಲೆ, ಗೋಡೆಯ ಶೀಟಿಗೆ ತಗ್ಗಿನಲ್ಲಿ. ರಬ್ಬರ್ ವಾಷರ್ ಇರುವ ಸ್ಕ್ರೂ ಇರಲಿ. ವಾಷರ್ ಸ್ವಲ್ಪ ಉಬ್ಬುವವರೆಗೆ ಬಿಗಿಯಿರಿ, ಅದು ಪಕ್ಕಕ್ಕೆ ಹರಡಿ ಸೀಳುವಷ್ಟು ಬೇಡ.

ಉದ್ದ ಗೋಡೆಗೆ ಎಷ್ಟು ಉದ್ದದ ತುಂಡು ಹಾಕಬೇಕು? ಜೋಡಣೆ ಹೇಗೆ?

ಮೂರು ಮೀಟರ್ ಉದ್ದದ ತುಂಡು ಸಾಕು. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ತಗಡಿನ ಬಿಸಿ 40 ಡಿಗ್ರಿ ಏರಿಳಿದರೆ ಮೂರು ಮೀಟರ್ ಕಬ್ಬಿಣದ ತಗಡು ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯುಮಿನಿಯಂ ಅದರ ಎರಡರಷ್ಟು. ಅದಕ್ಕೆ ಜಾಗ ಬಿಡಬೇಕು. ಒಂದರ ಮೇಲೊಂದು ಆರು ಇಂಚು ಬರಲಿ, ನಡುವೆ ಎರಡು ಗೆರೆ ಸೀಲಂಟ್ ಎಳೆಯಿರಿ. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿದ ಹಾಗೆ ಜೋಡಣೆಯ ಬಾಯಿ ಇರಲಿ. ಅಂದರೆ ಗಾಳಿ ನೇರವಾಗಿ ಬಾಯಿಯೊಳಗೆ ನುಗ್ಗಬಾರದು.

ಸ್ಥಳದಲ್ಲೇ ಗ್ರೈಂಡರಿನಲ್ಲಿ ಕತ್ತರಿಸಬಹುದಾ?

ಕತ್ತರಿಯಲ್ಲೇ ಕತ್ತರಿಸಲು ಹೇಳಿ. ಗ್ರೈಂಡರಿನ ಕಿಡಿ ಅಂಚಿನ ಲೇಪವನ್ನು ಸುಡುತ್ತದೆ. ಹಾರಿದ ಕಬ್ಬಿಣದ ಪುಡಿ ಶೀಟಿನ ಮೇಲೆ ಅಂಟಿ, ಒಂದೇ ಮಳೆಗೆ ತುಕ್ಕಿನ ಚುಕ್ಕೆ ಚುಕ್ಕೆ ಏಳುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಶೀಟನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿಸಿ.

ಹಂಚಿನ ಮಾಡು ಗೋಡೆಗೆ ಕೂಡುವ ಕಡೆ ಗಾರೆ ಕಟ್ಟಿಸಿದ್ದೇವೆ. ಪ್ರತಿ ವರ್ಷ ಬಿರಿಯುತ್ತದೆ.

ಬಿರಿಯಲೇಬೇಕು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮಾದರಿಯ ಹಂಚು ರೀಪಿನ ಮೇಲೆ ಸುಮ್ನೆ ಕೂರುತ್ತದೆ, ಅದು ಸ್ವಲ್ಪ ಅಲ್ಲಾಡುವುದೇ ಅದರ ಗುಣ. ಮೇಲೆ ಮಂಗಗಳು ಬೇರೆ ಓಡಾಡುತ್ತವೆ. ಗಾರೆ ಅಲ್ಲಾಡುವುದಿಲ್ಲ. ಆದ್ದರಿಂದ ಹಂಚಿನ ಪಕ್ಕದಲ್ಲಿ, ಗೋಡೆಗೆ ಅಂಟಿಕೊಂಡು ಹಂಚಿನ ಅಡಿಯಲ್ಲಿ ಹೋಗುವ ತಗಡಿನ ದೋಣಿ ಕೂರಿಸಿ. ಹಂಚಿನ ಅಂಚು ಅದರೊಳಗೆ ಎರಡು ಮೂರು ಇಂಚು ಚಾಚಿರಲಿ. ಗೋಡೆಯಲ್ಲಿ ಮೇಲೆ ಹೇಳಿದ ಕಚ್ಚಿನ ತುಂಡು. ದೋಣಿಯಲ್ಲಿ ತರಗೆಲೆ ಕಟ್ಟಿಕೊಳ್ಳುತ್ತದೆ, ಕೈ ಹೋಗುವಷ್ಟು ಅಗಲ ಇಡಿ.

ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಮನೆಗೆ ಹೊರಗಡೆ ಹಲಗೆ ಹೊದಿಸಿದ್ದಾರೆ. ಅಲ್ಲಿಗೂ ಇದೇ ನಿಯಮವಾ?

ಇದೇ, ಇನ್ನೂ ಕಟ್ಟುನಿಟ್ಟಾಗಿ. ಅಲ್ಲಿ ಗೋಡೆಯ ಅಸ್ಥಿಪಂಜರವೇ ಮರದ್ದು, ನೀರು ಹೋದರೆ ಒಳಗೇ ಕೊಳೆಯುತ್ತದೆ. ಹಲಗೆಯ ಹಿಂದೆ ನೀರು ತಡೆಯುವ ಒಂದು ಹಾಳೆ ಸುತ್ತಿರುತ್ತಾರೆ. ಆ ಹಾಳೆ ಫ್ಲಾಶಿಂಗಿನ ಹಿಂಗಾಲಿನ ಮೇಲೆ ಇಳಿಯಬೇಕು. ಫ್ಲಾಶಿಂಗ್ ಹಾಳೆಯ ಮೇಲೆ ಸುಮ್ನೆ ಅಂಟಿದ್ದರೆ ಹಿಂದಿನಿಂದ ನೀರು ಇಳಿಯುತ್ತದೆ. ಝಡ್ ಪಟ್ಟಿಯ ಮೇಲೆ ಹಲಗೆ ಕಾಲು ಇಂಚು ಎತ್ತರದಲ್ಲಿ ನಿಲ್ಲಬೇಕು, ಆ ಸಂದಿಗೆ ಅಂಟು ತುಂಬಬಾರದು. ಹೊರಗಿನ ಮರದ ಜಗಲಿ ಗೋಡೆಗೆ ಕೂಡುವ ಕಡೆಯನ್ನು ತಪ್ಪದೆ ನೋಡಲು ಹೇಳಿ. ಅಲ್ಲಿ ಬಳಸುವ ಮದ್ದು ಹಾಕಿದ ಮರದಲ್ಲಿ ಹೆಚ್ಚಾಗಿ ತಾಮ್ರ ಇರುತ್ತದೆ, ಬರಿಯ ಅಲ್ಯುಮಿನಿಯಂ ತಗಡು ಅದಕ್ಕೆ ತಾಗಬಾರದು.

ಕೆನಡಾದ ವ್ಯಾಂಕೂವರ್ ಕಡೆ 1980 ಮತ್ತು 90ರ ದಶಕದಲ್ಲಿ ಕಟ್ಟಿದ ಸಾವಿರಾರು ಫ್ಲಾಟುಗಳ ಗೋಡೆಯೊಳಗೆ ನೀರು ಹೋಗಿ ಮರ ಕೊಳೆಯಿತು. ಅಲ್ಲಿನ ಸರ್ಕಾರ 1998ರಲ್ಲಿ ಒಂದು ತನಿಖಾ ಆಯೋಗವನ್ನೇ ನೇಮಿಸಬೇಕಾಯಿತು. ಸೂರು ಗಿಡ್ಡ, ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಮನೆ ಕಳೆದುಕೊಂಡವರ ಸಂಕಟ ನೆನೆದರೆ ಎರಡು ಇಂಚು ತಗಡಿಗೆ ಜಿಪುಣತನ ಮಾಡಲು ಮನಸ್ಸು ಬರುವುದಿಲ್ಲ.

ಕೆಲಸ ಸರಿಯಾಗಿದೆಯಾ ಅಂತ ಮಳೆಗೆ ಮೊದಲೇ ನೋಡುವುದು ಹೇಗೆ?

ಪೈಪ್ ಹಿಡಿದು ನೀರು ಬಿಡಿ, ಆದರೆ ಕೆಳಗಿನಿಂದ ಮೇಲಕ್ಕೆ. ಒಂದೊಂದು ಸಂದಿಗೆ ಹತ್ತು ಹದಿನೈದು ನಿಮಿಷ, ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಲ್ಲಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವ ಸಂದು ಸೋರಿತು ಅಂತ ಗೊತ್ತೇ ಆಗುವುದಿಲ್ಲ. ಕೆಲಸದವರ ಬಾಕಿ ಹಣ ಕೊಡುವ ಮುಂಚೆ, ಅವರ ಎದುರಿಗೇ ಈ ಪರೀಕ್ಷೆ ಮಾಡಿ. ಒಳ್ಳೆ ಕೆಲಸಗಾರರು ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಜುಲೈ. ಸೋರುತ್ತಿದೆ. ಏನು ಮಾಡಲಿ?

ಒದ್ದೆ ಗೋಡೆಗೆ ಯಾವ ಅಂಟೂ ಹಿಡಿಯುವುದಿಲ್ಲ, ದುಡ್ಡು ದಂಡ. ಸೂರಿನಡಿಯಿಂದ ಟಾರ್ಪಾಲು ಇಳಿಬಿಟ್ಟು, ಕೆಳಗೆ ಬಿದಿರು ಕಟ್ಟಿ ಗಾಳಿಗೆ ಹಾರದ ಹಾಗೆ ಮಾಡಿ. ಗೋಡೆಗೆ ಅಂಟದಂತೆ ಒಂದು ಗೇಣು ದೂರ ಇರಲಿ. ಮಾಡು ಹತ್ತಬೇಡಿ, ಪಾಚಿ ಹಿಡಿದ ಶೀಟು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಸೋರುವ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಎಲ್ಲ ಒಣಗಿದಾಗ ಜಾಗವೇ ಮರೆತುಹೋಗುತ್ತದೆ.

ಕೆಲಸ ಯಾವಾಗ ಮಾಡಿಸಬೇಕು? ಆಮೇಲೆ ಏನು ನೋಡಿಕೊಳ್ಳಬೇಕು?

ಮಾರ್ಚ್, ಏಪ್ರಿಲ್‌ನಲ್ಲಿ. ಗೋಡೆ ಪೂರ್ತಿ ಒಣಗಿರುತ್ತದೆ. ಜೂನ್ ಮೊದಲ ವಾರ ಮೃಗಶಿರ ಮಳೆ ಕೂಡುವಾಗ ಕರೆದರೆ ಕೆಲಸದವರು ಊರಲ್ಲಿ ಯಾರ ಕೈಗೂ ಸಿಗುವುದಿಲ್ಲ.

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಏಣಿ ಹಾಕಿ ನೋಡಿ: ದೋಣಿಯಲ್ಲಿ ತರಗೆಲೆ, ಸಡಿಲವಾದ ಸ್ಕ್ರೂ, ಬಿರಿದ ವಾಷರ್, ಕಚ್ಚಿನಲ್ಲಿ ಬಿಟ್ಟುಕೊಂಡ ಸೀಲಂಟ್. ಗೀರಿದ ಕಡೆ ಬಣ್ಣ ಹಚ್ಚಿ. ಕೆಳಗಂಚಿನ ಜಾಲರಿಯ ಹಿಂದೆ ಕಣಜ ಗೂಡು ಕಟ್ಟಿ ಗಾಳಿದಾರಿ ಮುಚ್ಚಿದೆಯಾ ಅಂತಲೂ ಬಗ್ಗಿ ನೋಡಿ, ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ.